ಹಳ್ಳದ ಗಿರಣಿಯ ಸರದಿ

"ಗುರುಗಳೇ, ಹಿರಿಯರು ಹಾಕಿಕೊಟ್ಟ ನಿಯಮವನ್ನು ಎಲ್ಲಿಯವರೆಗೆ ಪಾಲಿಸಬೇಕು?" ಎಂದು ಶಿಷ್ಯ ಕೇಳಿದ.

ಕೇಳಿದವನು ಅನುಕೂಲಸ್ಥರ ಮನೆಯವನು, ಚೆನ್ನಾಗಿ ಓದಿಕೊಂಡವನು. ಮಠದ ಕಟ್ಟುಪಾಡುಗಳನ್ನು ಅವನಷ್ಟು ಚಾಚೂ ತಪ್ಪದೆ ನಡೆಸುವವರು ಬೇರೆ ಯಾರೂ ಇರಲಿಲ್ಲ. ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಒಂದು ಗಿರಣಿಯ ಕತೆ ಹೇಳಿದರು.

ಬೆಟ್ಟದ ಬುಡದಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಬೇಸಿಗೆಯಲ್ಲೂ ಅದು ಬತ್ತುತ್ತಿರಲಿಲ್ಲ. ಹಳ್ಳದ ಆಚೆ ಈಚೆ ಮೂರು ಊರುಗಳಿದ್ದವು. ಆ ಊರುಗಳಿಗೆಲ್ಲ ಬೀಸುಕಲ್ಲು ಕಡೆದುಕೊಡುತ್ತಿದ್ದವನು ಕೆಂಚಣ್ಣನೆಂಬ ಕಲ್ಲುಕುಟಿಗ. ಅವನ ಕಲ್ಲು ನುಣ್ಣಗೆ ಬೀಸುತ್ತದೆ ಎಂದು ಹೆಸರಿತ್ತು. ಆದರೆ ಅವನಿಗೆ ತನ್ನ ಕೆಲಸದ ಮೇಲೆ ಬೇಸರ ಹುಟ್ಟಿತ್ತು. ಯಾವ ಊರಿಗೆ ಹೋದರೂ, ಕೋಳಿ ಕೂಗುವ ಮುಂಚೆಯೇ ಎದ್ದು ಹೆಂಗಸರು ರಾಗಿ ಬೀಸುವ ಸದ್ದು ಕೇಳಿಸುತ್ತಿತ್ತು. ಅವನ ತಾಯಿ ಊರಗೌಡನ ಮನೆಯಲ್ಲಿ ಬೀಸಿ ಬೀಸಿ ಕೊನೆಗಾಲದಲ್ಲಿ ತನ್ನ ತುತ್ತನ್ನು ತಾನೇ ಬಾಯಿಗೆ ಎತ್ತಲಾರದಂತಾಗಿದ್ದಳು. ತಾನು ಕಡೆಯುವ ಒಂದೊಂದು ಕಲ್ಲೂ ಯಾರದೋ ತೋಳನ್ನು ತಿನ್ನುತ್ತದೆ ಎಂದು ಅವನಿಗೆ ಅನ್ನಿಸತೊಡಗಿತು.

ಒಂದು ಮಳೆಗಾಲ ಅವನು ಹಳ್ಳದ ದಂಡೆಯಲ್ಲಿ ಕುಳಿತು, ನೀರು ದೊಡ್ಡ ದೊಡ್ಡ ಕಲ್ಲುಗಳನ್ನು ಉರುಳಿಸಿಕೊಂಡು ಹೋಗುವುದನ್ನು ನೋಡಿದ. ಇಷ್ಟು ಬಲವಿರುವ ನೀರು ಸುಮ್ಮನೆ ಹರಿದುಹೋಗುತ್ತಿದೆ, ಮನೆಯಲ್ಲಿ ಹೆಂಗಸರು ಬೀಸುತ್ತಿದ್ದಾರೆ ಎಂದುಕೊಂಡ. ಮಳೆ ನಿಂತ ಮೇಲೆ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿದ. ಒಡ್ಡಿನಿಂದ ಕಾಲುವೆ ತೆಗೆದ. ಕಾಲುವೆಯ ನೀರು ಇಳಿಜಾರಿನಲ್ಲಿ ರಭಸದಿಂದ ಇಳಿದು ಮರದ ಚಕ್ರದ ರೆಕ್ಕೆಗಳಿಗೆ ಬಡಿಯುವಂತೆ ಮಾಡಿದ. ಚಕ್ರ ತಿರುಗಿದರೆ ಅದರ ಮೇಲೆ ಕೂರಿಸಿದ ದೊಡ್ಡ ಕಲ್ಲು ತಿರುಗಬೇಕು. ಮೊದಲ ಕಲ್ಲು ಎರಡು ಸುತ್ತು ತಿರುಗಿ ಸೀಳಿತು. ಎರಡನೆಯ ಸಲ ಚಕ್ರವೇ ಕಿತ್ತುಕೊಂಡು ಹೋಯಿತು. ಜನ ನಕ್ಕರು. ಕೆಂಚಣ್ಣ ಮತ್ತೆ ಮಾಡಿದ. ಕೊನೆಗೆ ಕಲ್ಲು ತಿರುಗಿತು. ಮುಷ್ಟಿ ರಾಗಿ ಹಾಕಿದರೆ ಹಿಟ್ಟು ಉದುರಿತು. ಅಂದಿನಿಂದ ಮೂರು ಊರಿನ ಹೆಂಗಸರು ಬೆಳಗಿನ ನಿದ್ದೆಯ ರುಚಿ ಕಂಡರು.

ಗಿರಣಿ ನಡೆಯುತ್ತಿದೆ ಎಂದು ತಿಳಿದ ಗೌಡ ತನ್ನ ಆಳುಗಳ ಕೈಯಲ್ಲಿ ಮೂಟೆ ಹೊರಿಸಿ ಕಳಿಸಿದ. ಆಳುಗಳು ನಿಂತಿದ್ದವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಕೆಂಚಣ್ಣ ಕಾಲುವೆಯ ತೂಬು ಮುಚ್ಚಿಬಿಟ್ಟ. ಕಲ್ಲು ನಿಂತಿತು. ಮೊದಲು ಬಂದವರಿಗೆ ಮೊದಲು, ಆಮೇಲೆ ಬಂದವರಿಗೆ ಆಮೇಲೆ, ಇಲ್ಲಿ ದೊಡ್ಡವರು ಚಿಕ್ಕವರು ಎಂದಿಲ್ಲ ಎಂದು ಹೇಳಿದ. ಗೌಡ ಸಿಟ್ಟಾದ. ಆದರೆ ಅವನ ಮನೆಯಲ್ಲೂ ಉಣ್ಣುವವರು ಬಹಳ ಮಂದಿ. ಮಾರನೆಯ ದಿನ ಗೌಡನ ತಾಯಿಯೇ ಆಳಿಗೆ ಹೇಳಿ ಸಾಲಿನಲ್ಲಿ ನಿಲ್ಲಿಸಿದಳು. ಅಂದು ಕೆಂಚಣ್ಣ ಆಡಿದ ಮಾತು ಗಿರಣಿಯ ನಿಯಮವಾಯಿತು. ಬೀಸಿದ್ದಕ್ಕೆ ಸೇರಿಗೆ ಒಂದು ಹಿಡಿ ಹಿಟ್ಟು ಅವನ ಕೂಲಿ. ಹಗಲು ನೀರು ಗಿರಣಿಗೆ, ಕತ್ತಲಾದ ಮೇಲೆ ಗದ್ದೆಗಳಿಗೆ. ಇಷ್ಟೇ ಕಟ್ಟುಪಾಡು.

ಕೆಂಚಣ್ಣ ತೀರಿಕೊಂಡ. ಅವನ ಮಗನೂ ಹಾಗೆಯೇ ನಡೆಸಿದ. ಮಗನ ಕಾಲದಲ್ಲಿ ದೊಡ್ಡ ನೆರೆ ಬಂದು ಗೋಡೆಯನ್ನೂ ಚಕ್ರವನ್ನೂ ಎಳೆದೊಯ್ದಿತು. ಮೂರು ಊರಿನವರು ಸೇರಿ ಮತ್ತೆ ಕಟ್ಟಿದರು. ಆ ಮಗ ಸಾಯುವಾಗ ತನ್ನ ಮಗ ದ್ಯಾವಣ್ಣನನ್ನು ಹತ್ತಿರ ಕರೆದು, ಗಿರಣಿ ಹೋದರೂ ಚಿಂತೆಯಿಲ್ಲ, ನಿನ್ನ ಅಜ್ಜನ ಮಾತು ಹೋಗಬಾರದು ಎಂದು ಕೈಹಿಡಿದು ಭಾಷೆ ತೆಗೆದುಕೊಂಡ. ನಾನು ಹೇಳಹೊರಟಿರುವುದು ಈ ದ್ಯಾವಣ್ಣನ ಕತೆ.

ದ್ಯಾವಣ್ಣ ಸಾಧು ಮನುಷ್ಯ. ತಂದೆಗೆ ಕೊಟ್ಟ ಮಾತನ್ನು ಎದೆಯಲ್ಲಿ ಇಟ್ಟುಕೊಂಡಿದ್ದ. ಸ್ವಂತ ಅತ್ತೆ ಬಂದರೂ ಅವಳನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಿದ್ದ. ಹೆಂಡತಿ ಮಾಳವ್ವ ಅದಕ್ಕಾಗಿ ಅವನೊಡನೆ ಮುನಿಸಿಕೊಂಡದ್ದೂ ಉಂಟು. ಅವನಿಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಹೀಗಿರುವಾಗ ಆ ಸೀಮೆಗೆ ಒಬ್ಬ ವರ್ತಕ ಬಂದ. ಗೌಡನ ಮನೆತನ ಒಡೆದು ಜಮೀನು ಮಾರಿಕೊಳ್ಳುತ್ತಿತ್ತು. ವರ್ತಕ ಅದನ್ನು ಕೊಂಡ. ಪೇಟೆಯಲ್ಲಿ ಹಿಟ್ಟಿಗೆ ಗಿರಾಕಿ ಇದೆ ಎಂದು ಅವನಿಗೆ ಗೊತ್ತಿತ್ತು. ಊರೂರು ತಿರುಗಿ ರಾಗಿ ಕೂಡಿಸಿ, ಗಾಡಿಯ ಮೇಲೆ ಹೇರಿ ಗಿರಣಿಗೆ ತಂದ. ಅವನು ಯಾರನ್ನೂ ಪಕ್ಕಕ್ಕೆ ತಳ್ಳಲಿಲ್ಲ. ಹಿಂದಿನ ಸಂಜೆಯೇ ಆಳುಗಳನ್ನು ಕಳಿಸಿ ಗಿರಣಿಯ ಬಾಗಿಲಲ್ಲಿ ಮಲಗಿಸಿದ. ಬೆಳಿಗ್ಗೆ ಹೆಂಗಸರು ಕುಕ್ಕೆ ಹೊತ್ತು ಬರುವಷ್ಟರಲ್ಲಿ ಅವನ ಮೂಟೆಗಳು ಮುಂದಿದ್ದವು. ಮೊದಲು ಬಂದವರಿಗೆ ಮೊದಲು. ದ್ಯಾವಣ್ಣ ಮೂಟೆಗಳನ್ನು ಬೀಸಿದ. ಮಧ್ಯಾಹ್ನದ ಮೇಲೆ ಕುಕ್ಕೆಗಳ ಸರದಿ ಬಂತು.

ದಿನ ಕಳೆದಂತೆ ಮೂಟೆಗಳು ಹೆಚ್ಚಿದವು. ಮಧ್ಯಾಹ್ನಕ್ಕೆ ಬರುತ್ತಿದ್ದ ಸರದಿ ಇಳಿಹೊತ್ತಿಗೆ ಹೋಯಿತು. ಬೇಸಿಗೆಯಲ್ಲಿ ಹಳ್ಳ ಸೊರಗಿ ಕಲ್ಲು ನಿಧಾನವಾದಾಗ, ಸೂರ್ಯ ಮುಳುಗಿದರೂ ಮೂಟೆಗಳೇ ಮುಗಿಯುತ್ತಿರಲಿಲ್ಲ. ಹೆಂಗಸರು ಹಗಲೆಲ್ಲ ಕಾದು, ಕಾಳನ್ನು ಕಾಳಾಗಿಯೇ ಹೊತ್ತುಕೊಂಡು ಮನೆಗೆ ಮರಳಿದರು. ಅಟ್ಟ ಸೇರಿದ್ದ ಹಳೆಯ ಬೀಸುಕಲ್ಲುಗಳನ್ನು ಒಂದೊಂದು ಮನೆಯಲ್ಲೂ ಕೆಳಗಿಳಿಸಿದರು. ಮುಂಜಾವದಲ್ಲಿ ಮತ್ತೆ ಆ ಸದ್ದು ಶುರುವಾಯಿತು. ದ್ಯಾವಣ್ಣನ ಮನೆಯಲ್ಲಿ ಮಾತ್ರ ಕೂಲಿಯ ಹಿಟ್ಟಿನಿಂದ ಮಣ್ಣಿನ ದೊಡ್ಡ ವಾಡೆ ತುಂಬಿ, ಮಾಳವ್ವ ಇನ್ನೊಂದು ವಾಡೆ ತರಿಸಿದಳು.

ದ್ಯಾವಣ್ಣನಿಗೆ ಇದು ಕಾಣಿಸಲಿಲ್ಲ ಎಂದಲ್ಲ. ಕಾಣಿಸಿತು. ಒಬ್ಬೊಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಬಾರದೇ ಎಂದು ಊರಿನ ಹಿರಿಯನೊಬ್ಬ ಕೇಳಿದಾಗ, ಅಜ್ಜ ಅಂಥದ್ದೇನೂ ಹೇಳಿಲ್ಲವಲ್ಲ ಎಂದ. ಇಂದು ನಾನೊಂದು ಮಾತು ಸೇರಿಸಿದರೆ ನಾಳೆ ಇನ್ನೊಬ್ಬ ಬಂದು ಇನ್ನೊಂದು ಸೇರಿಸುತ್ತಾನೆ, ಆಮೇಲೆ ಅಜ್ಜನ ಮಾತಿನಲ್ಲಿ ಉಳಿಯುವುದೇನು ಎಂದ. ವರ್ತಕನೂ ಅದನ್ನೇ ಹೇಳುತ್ತಿದ್ದ. ಹತ್ತು ಊರು ತಿರುಗಿದ್ದೇನೆ, ಇಷ್ಟು ನ್ಯಾಯವಾಗಿ ನಡೆಯುವ ಗಿರಣಿಯನ್ನು ಎಲ್ಲೂ ಕಂಡಿಲ್ಲ ಎಂದು ಕೈಮುಗಿಯುತ್ತಿದ್ದ. ಆ ಮಾತು ಕೇಳಿದಾಗ ದ್ಯಾವಣ್ಣನಿಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗುತ್ತಿರಲಿಲ್ಲ.

ಮೇಲಿನ ಊರಿನಲ್ಲಿ ಸಾಕವ್ವ ಎಂಬ ಮುದುಕಿಯಿದ್ದಳು. ಮೂರು ಊರಿನ ಮಕ್ಕಳು ಅವಳ ಕೈಮೇಲೆ ಹುಟ್ಟಿದವರು. ಜಾರಿ ಬಿದ್ದು ಅವಳ ಬಲಗೈಯ ಮಣಿಕಟ್ಟು ಮುರಿದಿತ್ತು. ಮನೆಯಲ್ಲಿ ಇದ್ದವಳು ಒಬ್ಬಳೇ ಮಗಳು, ಹಸಿ ಬಾಣಂತಿ. ಬೀಸುವ ಕೈ ಆ ಮನೆಯಲ್ಲಿ ಇರಲಿಲ್ಲ. ಅಕ್ಕಪಕ್ಕದವರು ಕೆಲವು ದಿನ ಬೀಸಿಕೊಟ್ಟರು. ದಿನವೂ ಕೇಳಲು ಸಾಕವ್ವನಿಗೆ ನಾಚಿಕೆಯಾಯಿತು. ಒಂದು ಸಣ್ಣ ಕುಕ್ಕೆಯಲ್ಲಿ ರಾಗಿ ಇಟ್ಟುಕೊಂಡು ಗಿರಣಿಗೆ ಬಂದಳು. ಸಾಲಿನ ಕೊನೆಯಲ್ಲಿ ಕುಳಿತಳು. ಕತ್ತಲಾಯಿತು, ತೂಬು ಮುಚ್ಚಿತು, ಎದ್ದು ಹೋದಳು. ಮಾರನೆಯ ದಿನವೂ ಹಾಗೆಯೇ ಆಯಿತು.

ಅಂದು ದ್ಯಾವಣ್ಣ ಬಾಗಿಲು ಎಳೆದುಕೊಳ್ಳುವಾಗ ಅವಳು ಇನ್ನೂ ಕುಕ್ಕೆಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ಒಂದೇ ಕೈಯಲ್ಲಿ ಅದು ಸುಲಭವಾಗಿರಲಿಲ್ಲ. ಅವನು ಹತ್ತಿರ ಹೋಗಿ ಕುಕ್ಕೆ ಎತ್ತಿಕೊಟ್ಟ. ತಪ್ಪು ತಿಳಿಯಬೇಡ, ಅಜ್ಜನ ಕಾಲದಿಂದ ನಡೆದುಬಂದ ನಿಯಮ ಎಂದ.

"ನಿನ್ನ ಮೇಲೆ ಸಿಟ್ಟಿಲ್ಲ ಕಣಪ್ಪ," ಎಂದಳು ಸಾಕವ್ವ. "ನಿಮ್ಮಜ್ಜನನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಅವನ ಕಾಲದಲ್ಲಿ ಇಲ್ಲಿಂದ ಯಾರೂ ಕಾಳು ಹೊತ್ತುಕೊಂಡು ವಾಪಸು ಹೋಗಿರಲಿಲ್ಲ."

ಇಷ್ಟು ಹೇಳಿ ಅವಳು ದಾರಿ ಹಿಡಿದಳು.

ದ್ಯಾವಣ್ಣ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮಾಳವ್ವ ಕೇಳಿದರೆ ಏನೂ ಇಲ್ಲ ಎಂದ. ಬೆಳಿಗ್ಗೆ ಗಿರಣಿಗೆ ಹೋದಾಗ ಮೂಟೆಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಪೇಟೆಯಿಂದ ಅವಸರದ ಬೇಡಿಕೆ ಬಂದಿದ್ದರಿಂದ ಅಂದು ವರ್ತಕನೂ ಖುದ್ದಾಗಿ ಬಂದಿದ್ದ. ಮೂಟೆಗಳ ಹಿಂದೆ ಹೆಂಗಸರು. ಅವರ ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ ಸಾಕವ್ವ. ದ್ಯಾವಣ್ಣ ತೂಬು ಎತ್ತಿದ. ಕಲ್ಲು ತಿರುಗತೊಡಗಿತು. ಆಳು ಮೊದಲ ಮೂಟೆಯ ಬಾಯಿ ಬಿಚ್ಚಿದ. ದ್ಯಾವಣ್ಣ ಅವನಿಗೆ ನಿಲ್ಲಲು ಹೇಳಿ, ಸಾಲಿನ ಉದ್ದಕ್ಕೂ ನಡೆದುಹೋಗಿ, ಸಾಕವ್ವನ ಕೈಯಿಂದ ಕುಕ್ಕೆ ತೆಗೆದುಕೊಂಡು ಬಂದು ಕಲ್ಲಿನ ಬಾಯಿಗೆ ಸುರಿದ.

ವರ್ತಕ ದನಿ ಏರಿಸುವ ಮನುಷ್ಯನಲ್ಲ.

"ದ್ಯಾವಣ್ಣನವರೇ, ನಿಮ್ಮ ಅಜ್ಜನ ಮಾತನ್ನು ನೀವೇ ಮುರಿದಿರಿ," ಎಂದ.

"ಹೌದು ಸಾಹುಕಾರರೇ, ಮುರಿದೆ," ಎಂದ ದ್ಯಾವಣ್ಣ.

ಸಾಕವ್ವನ ಹಿಟ್ಟನ್ನು ಕುಕ್ಕೆಗೆ ತುಂಬಿಕೊಟ್ಟ. ಕೂಲಿಯ ಹಿಡಿಯನ್ನು ತೆಗೆದುಕೊಳ್ಳಲು ಮರೆತ. ಅಂದು ಕುಕ್ಕೆಗಳನ್ನೆಲ್ಲ ಬೀಸಿದ ಮೇಲೆ ಮೂಟೆಗಳಿಗೆ ಕೈಹಾಕಿದ. ಹೊತ್ತು ಮುಳುಗಿದಾಗ ಅರ್ಧಕ್ಕಿಂತ ಹೆಚ್ಚು ಮೂಟೆಗಳು ಹಾಗೆಯೇ ಉಳಿದಿದ್ದವು.

ವರ್ತಕ ಜಗಳಕ್ಕೆ ಬರಲಿಲ್ಲ. ಕೆಂಚಣ್ಣ ತೆಗೆದ ಕಾಲುವೆ ಗೌಡನ ಹೊಲದ ಅಂಚಿನಲ್ಲಿ ಹಾದುಬರುತ್ತಿತ್ತು. ಗೌಡನ ಮನೆಯವರು ಎಂದೂ ಅದನ್ನು ತಡೆದಿರಲಿಲ್ಲ. ಈಗ ಆ ಹೊಲ ವರ್ತಕನದು. ಅವನು ತನ್ನ ಹೊಲದಲ್ಲಿ ತಾನು ಕಾಲುವೆಗೆ ಮಣ್ಣು ಹಾಕಿಸಿದ. ಅದೂ ನ್ಯಾಯವೇ. ಬೆಳಿಗ್ಗೆ ದ್ಯಾವಣ್ಣ ತೂಬು ಎತ್ತಿದರೆ ನೀರು ಬರಲಿಲ್ಲ.

ಗಿರಣಿ ನಿಂತಿತು. ಊರವರು ವರ್ತಕನನ್ನು ಬೈಯಲಿಲ್ಲ. ಬೈದದ್ದು ದ್ಯಾವಣ್ಣನನ್ನು. ವಾರಕ್ಕೊಮ್ಮೆಯಾದರೂ ಸರದಿ ಸಿಗುತ್ತಿತ್ತು, ಈಗ ಅದೂ ಹೋಯಿತು ಎಂದರು. ಮುದುಕಿಯೊಬ್ಬಳ ಕುಕ್ಕೆಗಾಗಿ ಮೂರು ಊರನ್ನು ಬೀಸುಕಲ್ಲಿಗೆ ಕಟ್ಟಿದ ಎಂದರು. ಮಾಳವ್ವ ನೀರಿಗೆ ಹೋದಾಗ ಯಾರೂ ಅವಳನ್ನು ಮಾತಾಡಿಸಲಿಲ್ಲ. ಎರಡನೆಯ ವಾಡೆ ಬರಿದಾಯಿತು. ಆಮೇಲೆ ಮೊದಲನೆಯದೂ ಬರಿದಾಯಿತು.

ದ್ಯಾವಣ್ಣನಿಗೆ ಎದೆ ಅಳುಕಿತು. ತಂದೆಗೆ ಕೊಟ್ಟ ಮಾತನ್ನೂ ಕಳೆದುಕೊಂಡೆ, ಗಿರಣಿಯನ್ನೂ ಕಳೆದುಕೊಂಡೆ ಎಂದುಕೊಂಡ. ಒಂದು ದಿನ ಹೆಗಲಿಗೆ ವಸ್ತ್ರ ಹಾಕಿಕೊಂಡು ವರ್ತಕನ ಮನೆಗೆ ಹೋದ. ವರ್ತಕ ಅವನನ್ನು ಕೂರಿಸಿ ಮಜ್ಜಿಗೆ ಕೊಡಿಸಿದ. ಅವನಿಗೆ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮೂರು ಊರಿನವರ ಮುಂದೆ ನಿಂತು, ನಿಯಮ ಮೊದಲಿನಂತೆಯೇ ನಡೆಯುತ್ತದೆ ಎಂದು ದ್ಯಾವಣ್ಣ ಹೇಳಬೇಕು. ಹೇಳಿದ ಮರುಗಳಿಗೆಯೇ ಕಾಲುವೆಯ ಮಣ್ಣು ತೆಗೆಸುತ್ತೇನೆ ಎಂದ. ದ್ಯಾವಣ್ಣ ಒಪ್ಪಿಕೊಂಡು ಎದ್ದ.

ಮನೆಗೆ ಹೋಗುವ ಮೊದಲು ಸಾಕವ್ವನಿಗೆ ತಾನೇ ಹೇಳಿಬಿಡಬೇಕು ಎಂದು ಅವನಿಗೆ ಅನ್ನಿಸಿತು. ಬೇರೆಯವರ ಬಾಯಿಂದ ಅವಳು ಕೇಳುವುದು ಬೇಡ ಎಂದು ಮೇಲಿನ ಊರಿಗೆ ನಡೆದ. ಮನೆಯಲ್ಲಿ ಸಾಕವ್ವ ಇರಲಿಲ್ಲ. ಕೈ ಮುರಿದಿದ್ದರೂ ಹೇಳಿಕೊಡಲೆಂದು ಯಾರದೋ ಹೆರಿಗೆಗೆ ಹೋಗಿದ್ದಳು. ಮಗಳು ಗೋಡೆಗೆ ಒರಗಿ ರಾಗಿ ಬೀಸುತ್ತಿದ್ದಳು. ಮಗು ಜೋಲಿಯಲ್ಲಿ ಅಳುತ್ತಿತ್ತು. ಅವಳು ನಾಲ್ಕು ಸುತ್ತು ಬೀಸುವಳು, ನಿಲ್ಲಿಸಿ ಜೋಲಿ ತೂಗುವಳು, ಮತ್ತೆ ಬೀಸುವಳು. ಮುಖ ಬಿಳುಚಿಕೊಂಡಿತ್ತು. ಬಾಗಿಲಲ್ಲಿ ನಿಂತ ದ್ಯಾವಣ್ಣನನ್ನು ಕಂಡು ಏಳಲು ಹೋದಳು.

ಅವನು ಅವಳಿಗೆ ಮಗುವನ್ನು ಎತ್ತಿಕೊಳ್ಳಲು ಹೇಳಿದ. ತಾನು ಬೀಸುಕಲ್ಲಿನ ಮುಂದೆ ಕುಳಿತು ಗೂಟ ಹಿಡಿದ.

ಗಿರಣಿಯ ಮನೆಯಲ್ಲಿ ಹುಟ್ಟಿದವನು ಅವನು. ಗಂಡಸು ಬೇರೆ. ಕೈಯಿಂದ ಒಂದು ಹಿಡಿ ಕಾಳನ್ನೂ ಅವನು ಎಂದೂ ಬೀಸಿರಲಿಲ್ಲ. ಮೊದಲು ಕಲ್ಲು ಅವನ ಮಾತು ಕೇಳಲಿಲ್ಲ. ಆಮೇಲೆ ತಿರುಗಿತು. ಹೆಗಲು ಹಿಡಿದುಕೊಂಡಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೊಬ್ಬೆ ಒಡೆದು ಗೂಟ ಒದ್ದೆಯಾಯಿತು. ಮೊರದಲ್ಲಿದ್ದ ರಾಗಿ ಮುಗಿಯುವ ಹೊತ್ತಿಗೆ ಅವನಿಗೆ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಕಲ್ಲು ಸೀಳಿದರೂ, ಚಕ್ರ ಕೊಚ್ಚಿಹೋದರೂ ಅಜ್ಜ ಯಾಕೆ ಬಿಡಲಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಆ ಅಜ್ಜನ ಹೆಸರನ್ನು ತಾನು ದಿನವೂ ಹೇಳುತ್ತಿದ್ದೆ, ಆದರೆ ಅವನಿಗೆ ಏನು ನೋವಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ ಎಂದುಕೊಂಡ. ಹೇಳಬೇಕೆಂದು ಬಂದ ಮಾತನ್ನು ಹೇಳದೆ ಹೊರಟುಬಂದ.

ವರ್ತಕನ ಮನೆಗೆ ಅವನು ಮತ್ತೆ ಹೋಗಲಿಲ್ಲ. ಮರುದಿನ ಗುದ್ದಲಿ ಹಿಡಿದು ಬೆಟ್ಟದ ಬುಡಕ್ಕೆ ಹೋದ. ಬೆಟ್ಟ ಊರಿಗೆಲ್ಲ ಸೇರಿದ್ದು. ಹೊಲವನ್ನು ಮುಟ್ಟದೆ ಬೆಟ್ಟವನ್ನು ಬಳಸಿ ನೀರು ತರುವುದಾದರೆ ದಾರಿ ಉದ್ದ, ನೆಲವೆಲ್ಲ ಕಲ್ಲು. ಅಲ್ಲಿ ಅವನು ಹೊಸ ಕಾಲುವೆ ಅಗೆಯತೊಡಗಿದ. ಹಾದುಹೋಗುವವರು ನೋಡಿಕೊಂಡು ಹೋದರು. ಅವನಿಗೆ ಹುಚ್ಚು ಹಿಡಿದಿದೆ ಎಂದು ಕೆಲವರಿಗೆ ಅನ್ನಿಸಿತು. ಬೊಬ್ಬೆಯೆದ್ದ ಕೈಗೆ ಬಟ್ಟೆ ಸುತ್ತಿಕೊಂಡು ಅವನು ಅಗೆದ. ಊಟ ತಂದ ಮಾಳವ್ವ ಬುತ್ತಿಯನ್ನು ಇಟ್ಟು ಮನೆಗೆ ಹೋಗದೆ ಅಲ್ಲೇ ಉಳಿದು ಕಲ್ಲು ಆಯತೊಡಗಿದಳು. ಸಾಕವ್ವನ ಊರಿನಿಂದ ಇಬ್ಬರು ಹೆಂಗಸರು ಬಂದರು. ಬೀಸುವುದಕ್ಕಿಂತ ಇದೇ ವಾಸಿ ಎಂದು ಬುಟ್ಟಿ ಹಿಡಿದರು. ಇನ್ನಷ್ಟು ಹೆಂಗಸರು ಬಂದರು. ಮನೆಯಲ್ಲಿ ಮುದ್ದೆ ತಿರುವುವವರು ಇಲ್ಲವಾದಾಗ ಗಂಡಸರೂ ಹಾರೆ ಹಿಡಿದು ಬಂದರು. ಮಳೆಗಾಲ ಬಂತು, ಅಗೆದದ್ದು ಅರ್ಧ ಮುಚ್ಚಿಹೋಯಿತು. ಮಳೆ ನಿಂತ ಮೇಲೆ ಮತ್ತೆ ಅಗೆದರು.

ಮುಂದಿನ ಸುಗ್ಗಿಯ ಹೊತ್ತಿಗೆ ನೀರು ಬಂತು. ಹಳೆಯ ಕಾಲುವೆಯ ರಭಸ ಇದಕ್ಕೆ ಇರಲಿಲ್ಲ. ಕಲ್ಲು ನಿಧಾನವಾಗಿ ತಿರುಗಿತು. ಆದರೂ ತಿರುಗಿತು. ಊರಿನ ಹಿರಿಯರು ಸೇರಿ, ಇನ್ನು ಗಿರಣಿಗೆ ಯಾವ ನಿಯಮ ಎಂದು ದ್ಯಾವಣ್ಣನನ್ನು ಕೇಳಿದರು. ನಿಯಮ ಮಾಡುವಷ್ಟು ಬುದ್ಧಿ ತನಗಿಲ್ಲ ಎಂದ. ದಿನವೂ ಬೆಳಿಗ್ಗೆ ಸಾಲಿನ ಕೊನೆಯವರೆಗೂ ಒಮ್ಮೆ ನಡೆದು ಬಂದು ಆಮೇಲೆ ತೂಬು ಎತ್ತುತ್ತೇನೆ, ಅಷ್ಟೇ ಎಂದ. ಹಾಗೆಯೇ ಮಾಡಿದ. ಯಾರ ಕುಕ್ಕೆಯಲ್ಲಿ ಏನಿದೆ, ಯಾರ ಮನೆಯಲ್ಲಿ ಬೀಸುವ ಕೈ ಇಲ್ಲ ಎಂದು ನೋಡಿ, ಕೇಳಿ, ಆಮೇಲೆ ಕಲ್ಲಿಗೆ ಕಾಳು ಹಾಕುತ್ತಿದ್ದ. ಹೆಚ್ಚಿನ ದಿನಗಳಲ್ಲಿ ಮೊದಲು ಬಂದವರಿಗೇ ಮೊದಲು ಸಿಗುತ್ತಿತ್ತು. ಕೆಲವು ದಿನ ಸಿಗುತ್ತಿರಲಿಲ್ಲ. ಅವನು ತಪ್ಪು ಮಾಡಿದ ದಿನಗಳೂ ಇದ್ದವು. ಆಗ ಜನ ಅವನ ಮುಖಕ್ಕೆ ಹೇಳುತ್ತಿದ್ದರು, ಅವನು ಕೇಳಿಸಿಕೊಳ್ಳುತ್ತಿದ್ದ. ವರ್ತಕನೂ ಕೆಲವು ಕಾಲದ ಮೇಲೆ ಬಂದ. ಅವನ ಮೂಟೆಗಳನ್ನೂ ದ್ಯಾವಣ್ಣ ಬೀಸಿಕೊಟ್ಟ, ಕುಕ್ಕೆಗಳು ಮುಗಿದ ಮೇಲೆ.

ದ್ಯಾವಣ್ಣ ಮುದುಕನಾಗಿ ತೀರಿಕೊಂಡ. ಅವನ ಮಗ ಗಿರಣಿಯನ್ನು ವಹಿಸಿಕೊಂಡ. ಅವನೂ ದಿನವೂ ಬೆಳಿಗ್ಗೆ ಸಾಲಿನ ಕೊನೆಯವರೆಗೆ ನಡೆದುಹೋಗಿ ಬರುತ್ತಿದ್ದ, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಡೆಯುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಪ್ಪ ನಡೆಯುತ್ತಿದ್ದ, ಅದಕ್ಕೆ ನಾನೂ ನಡೆಯುತ್ತೇನೆ ಎನ್ನುತ್ತಿದ್ದ. ಬಹಳ ಕಾಲದ ಮೇಲೆ ಪೇಟೆಯಲ್ಲಿ ಎಂಜಿನ್ನಿನ ಗಿರಣಿ ಬಂತು. ಜನ ಅಲ್ಲಿಗೆ ಹೋದರು. ಹಳ್ಳದ ಗಿರಣಿಯ ಚಕ್ರ ಕೊಳೆಯಿತು, ಸೂರು ಬಿತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿದಂತೆಯೂ ಅನ್ನಿಸಿತು, ಸಿಗದಂತೆಯೂ ಅನ್ನಿಸಿತು. "ಗುರುಗಳೇ, ಹಾಗಾದರೆ ದ್ಯಾವಣ್ಣ ಅಜ್ಜನ ನಿಯಮವನ್ನು ಮುರಿದನೋ, ಉಳಿಸಿದನೋ?" ಎಂದು ಕೇಳಿದ.

"ಅದಿರಲಿ," ಎಂದರು ಗುರುಗಳು, "ಆ ಬೆಳಿಗ್ಗೆ ನೀನು ಅಲ್ಲಿದ್ದಿದ್ದರೆ ಸಾಲಿನಲ್ಲಿ ಎಲ್ಲಿ ನಿಂತಿರುತ್ತಿದ್ದೆ?"

ಶಿಷ್ಯನಿಗೆ ತನ್ನ ಮನೆಯ ತುಂಬಿದ ಕಣಜ ನೆನಪಾಯಿತು.